ತಿದ್ದುವವಳು

ಇಲೊಯ್ಲೊ ನಗರದ ಜಾರೊದಲ್ಲಿ, ಬ್ರೆಡ್ಡಿನಂಗಡಿಯ ನೆತ್ತಿಗೆ
ನಮ್ಮ ಸ್ಟುಡಿಯೋ. ನಮ್ಮದು ಅಂದರೆ ಯಜಮಾನರದು.
ನನ್ನದೆಂಬುದು ಒಂದು ಕುರ್ಚಿ, ಒಂದು ಮೌಸು,
ಹನ್ನೊಂದು ವರ್ಷದಲ್ಲಿ ನಾನು ತಿದ್ದಿದ
ಊರಿನ ಅರ್ಧ ಮುಖಗಳು.

ಪದವಿಯ ಪಟದ ದಿನ ಮೆಟ್ಟಿಲ ತುಂಬ ಮಕ್ಕಳು.
ಹುಡುಗಿಯರಿಗೆ ಭುಜ ಬಿಟ್ಟ ಕಪ್ಪು ಮಖಮಲ್ಲು,
ಹುಡುಗರಿಗೆ ಅನಾನಸಿನ ನಾರಿನ ಬಾರೊಂಗ್ ಅಂಗಿ.
ಅಳತೆ ಒಂದೇ. ದಪ್ಪಗಿದ್ದವರಿಗೆ ಬೆನ್ನು ತೆರೆದೇ ಬಿಡುತ್ತೇವೆ,
ತೆಳ್ಳಗಿದ್ದವರಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು.
ಎದುರಿನಿಂದ ಎಲ್ಲರೂ ಅರಮನೆಯವರೇ.

ಆಮೇಲೆ ಒಬ್ಬೊಬ್ಬರೇ ನನ್ನ ಕುರ್ಚಿಯ ಹಿಂದೆ ಬಂದು
ಪಾದ್ರಿಯ ಗೂಡಿನ ಜಾಲರಿಗೆ ಬಾಯಿಟ್ಟವರಂತೆ
ಪಿಸುಗುಡುತ್ತಾರೆ: ಅಕ್ಕಾ, ಈ ತೋಳು.
ನೀಲ್ಡಾ ಫೋನು ಚಾಚುತ್ತಾಳೆ,
ಮನಿಲಾದ ಯಾವುದೋ ಸಾಬೂನಿನ ಹುಡುಗಿ,
ಕಾಗದದಲ್ಲಿ ಕತ್ತರಿಸಿದಂಥ ಕುತ್ತಿಗೆ.
"ಇಷ್ಟೇನೂ ಬೇಡ. ಇದರ ಹತ್ತಿರಕ್ಕೆ."
ಆ ಕುತ್ತಿಗೆಯನ್ನೂ ನನ್ನಂಥ ಒಬ್ಬಳು ಮಾಡಿರುತ್ತಾಳೆ
ಬೆಳಗಿನ ಮೂರಕ್ಕೆ, ತಣ್ಣಗಾದ ಕಾಫಿ ಕುಡಿಯುತ್ತ.
ಹೇಳುವುದಿಲ್ಲ.

ಬೆನಿತೊ ಮಾತಾಡುವುದೇ ಇಲ್ಲ. ಎದೆ ಉಬ್ಬಿಸಿ ನಿಲ್ಲುತ್ತಾನೆ.
ಆರು ತಿಂಗಳಿಂದ ಮೊಟ್ಟೆಯ ಬಿಳಿ ಮಾತ್ರ ತಿನ್ನುತ್ತಾನಂತೆ,
ಅವನಮ್ಮ ಹಳದಿಯನ್ನೆಲ್ಲ ಬಟ್ಟಲಲ್ಲಿ ಕೂಡಿಟ್ಟು
ಲೆಚೆ ಫ್ಲಾನ್ ಮಾಡಿ ಮಾರುತ್ತಾಳಂತೆ.
ಹೇಳಿದ್ದು ಗೆಳೆಯ. ಬೆನಿತೊ ಕಿವಿ ಕೆಂಪಾಗಿ
ಗದ್ದ ಮುಟ್ಟಿಕೊಂಡು "ಇಲ್ಲಿ ಸ್ವಲ್ಪ" ಅಂದ.
ಅಷ್ಟೇ. ಗಂಡಸು ಕೇಳಬಾರದಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಈ ಮಕ್ಕಳಿಗೆ ಕನ್ನಡಿಯೇ ಮೊದಲು ಬಂತು,
ಹುಣ್ಣು ಆಮೇಲೆ.

ಹೊಸ ತಂತ್ರಾಂಶದಲ್ಲಿ ಎರಡು ಗುಂಡಿ: ಗಂಡು, ಹೆಣ್ಣು.
ಇದನ್ನೊತ್ತಿದರೆ ದವಡೆ ಚೌಕ, ಹೆಗಲು ಬಾಗಿಲಗಲ;
ಅದನ್ನೊತ್ತಿದರೆ ಕಣ್ಣು ಹಿಗ್ಗಿ, ಮೂಗು ಕುಗ್ಗಿ,
ಮೈಬಣ್ಣ ಎರಡು ಮೆಟ್ಟಿಲು ಮೇಲೇರುತ್ತದೆ.
ಮೊದಲೆಲ್ಲ ಒಂದು ಮುಖಕ್ಕೆ ಮುಕ್ಕಾಲು ಗಂಟೆ. ಈಗ ನಾಲ್ಕು ಸೆಕೆಂಡು.
ಯಜಮಾನರಿಗೆ ಖುಷಿ.

ರೊಡೇಲಿಯಾ ಕೊನೆಗೆ ಬಂದಳು, ಬ್ರೆಡ್ಡಿನಂಗಡಿ ಮುಚ್ಚುವ ಹೊತ್ತಿಗೆ.
ಕಾಲೇಜಿನ ಪಟ್ಟಿಯಲ್ಲಿ ಅವಳು ರೊಡೆಲ್.
ಕಚೇರಿಯವರೊಡನೆ ಮೂರು ವಾರ ಜಗಳಾಡಿ, ಸೋತು,
ಪಟ್ಟಿಯಂತೆ ಬಾರೊಂಗ್ ತೊಟ್ಟೇ ಕೂತಳು.
ಕಿವಿಯಲ್ಲಿ ಮಾತ್ರ ಅಜ್ಜಿಯ ಮುತ್ತು.

ನನ್ನ ಬೆರಳು ಎರಡು ಗುಂಡಿಗಳ ನಡುವೆ ನಿಂತಿತು.
ಅವಳೇ ಬಾಗಿ ನೋಡಿ ನಕ್ಕಳು.
"ಒಂದು ನಾನಲ್ಲ. ಇನ್ನೊಂದು ಯಾರೂ ಅಲ್ಲ.
ಎರಡನ್ನೂ ನನ್ನ ಫೋನಿನಲ್ಲಿ ಎಷ್ಟೋ ರಾತ್ರಿ ಒತ್ತಿದ್ದೇನೆ.
ಬಿಡಿ ಅಕ್ಕಾ. ಗಂಟಲ ಉಬ್ಬೂ ಇರಲಿ.
ಧೂಳು ಕೂತಿದ್ದರೆ ಒರೆಸಿ."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.
ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದಳು,
ಬಾಗಿಲ ಚೌಕಟ್ಟು ಹಿಡಿದು, ನನ್ನ ಕಡೆ ನೋಡದೆ:
"ತುಟಿಯ ಮೇಲಿನ ನೆರಳು.
ಅದೊಂದು."

ಹಳೆಯ ಬ್ರಷ್ಷು ತೆಗೆದೆ. ಕೈಯಿಂದಲೇ, ಚುಕ್ಕೆ ಚುಕ್ಕೆಯಾಗಿ,
ಚಿಕ್ಕವಳಿದ್ದಾಗ ಅಕ್ಷರ ತಿದ್ದಿದ ಹಾಗೆ,
ಇದ್ದ ಗೆರೆಯ ಮೇಲೇ ಹೋಗುತ್ತ, ಗೆರೆ ದಾಟದೆ.
ಮುಕ್ಕಾಲು ಗಂಟೆ.
ಒಂದು ಮುಖವನ್ನು ಅಷ್ಟು ಹೊತ್ತು ನೋಡಿ ವರ್ಷವಾಗಿತ್ತು;
ಎಡಹುಬ್ಬಿನ ತುದಿಗೆ ಒಂದು ಸುಳಿಯಿತ್ತು, ಅವಳಿಗೂ ಗೊತ್ತಿರಲಿಲ್ಲ.
ಪಕ್ಕದಲ್ಲೇ ನಿಂತು ಅಂಗಡಿಯ ಕೊನೆಯ ಬನ್ನು ಮುರಿದು
ದೊಡ್ಡ ಚೂರು ನನ್ನ ಕಡೆ ಇಟ್ಟಳು.

ರಾತ್ರಿ ಜೀಪ್ನಿಯಲ್ಲಿ, ಚಾಲಕನ ಕನ್ನಡಿಯ ಮೂಲೆಗೆ
ನನ್ನ ಗಲ್ಲ, ನನ್ನ ಜೋತ ಕತ್ತು.
ತೊಡೆಯ ಮೇಲಿದ್ದ ತೋರುಬೆರಳು
ತಾನಾಗಿಯೇ ಎರಡು ಸಲ
ಒತ್ತಿತು.